ಪುಟ್ಟ ಮರ ಇದ್ದ ಕಡೆಯಿಂದ

ಮನಾಗುವಾದಲ್ಲಿ ಮನೆಗೆ ನಂಬರು ಬರೆದರೂ ಯಾರೂ ಓದುವುದಿಲ್ಲ.
"ಪುಟ್ಟ ಮರ ಇದ್ದ ಕಡೆಯಿಂದ ಎರಡು ಓಣಿ ಕೆರೆಯತ್ತ,
ಒಂದು ಮೇಲಕ್ಕೆ" ಅಂದರೆ ಮುಗಿಯಿತು.
ಮೇಲಕ್ಕೆ ಅಂದರೆ ಸೂರ್ಯ ಹುಟ್ಟುವ ಕಡೆ.
ಆ ಮರ ಭೂಕಂಪಕ್ಕೂ ಹಿಂದಿನದು;
ನಾನು ಹುಟ್ಟುವ ಹೊತ್ತಿಗೆ ಬುಡವೂ ಇರಲಿಲ್ಲ.
ಆದರೂ ಟ್ಯಾಕ್ಸಿಯವನು ಅಲ್ಲಿಗೇ ಹೋಗಿ ತಿರುಗುತ್ತಾನೆ.

ನನ್ನ ಚಿಕ್ಕಪ್ಪ ಎವೆನೋರ್, ಅಂಚೆಯವನು,
ಮೂವತ್ತೊಂದು ವರ್ಷ ಇಡೀ ಬಡಾವಣೆಯನ್ನು
ತಲೆಯಲ್ಲೇ ಹೊತ್ತು ನಡೆದ.
ಯಾರು ಎಲ್ಲಿಗೆ ಎದ್ದುಹೋದರು, ಯಾರು ಗಂಡನ ಬಿಟ್ಟು ಬಂದಳು,
ಯಾವ ಸಾಲಗಾರ ಹಿಂಬಾಗಿಲಲ್ಲಿ ಮಾತ್ರ ಸಿಗುತ್ತಾನೆ,
ಎಲ್ಲ ಬಾಯಿಪಾಠ.
ಊರು ಬೆಳೆಯಿತು. ತಲೆ ಬೆಳೆಯಲಿಲ್ಲ.
"ಯೆಲ್ಬಾ, ಮಗ್ಗುಲಾದರೆ ಸಾಕು,
ಕಿವಿಯಿಂದ ಮನೆಗಳು ಉದುರುತ್ತವೆ" ಅನ್ನುತ್ತಿದ್ದ.

ಈಗ ರಾತ್ರಿ ಎರಡೂ ನಲವತ್ತು.
ನನ್ನೆದುರಿನ ಬೀರುವಿನಲ್ಲಿ ರೂಟರು.
ಅದರ ತಲೆಯೂ ತುಂಬಿದೆ: ಹತ್ತು ಲಕ್ಷ ದಾರಿ.
ಒಂದೇ ಓಣಿಯವರೆಲ್ಲ ಒಂದೇ ಸಾಲಲ್ಲಿದ್ದರೆ
"ಅವರೆಲ್ಲ ಆ ಕಡೆ" ಎಂದು ಕೈಬೀಸಿ ಮುಗಿಸಬಹುದಿತ್ತು.
ಜನ ಮನೆ ಬದಲಿಸುತ್ತಾರೆ, ನಂಬರು ಬಿಡುವುದಿಲ್ಲ.
ಅವರದೇನು ತಪ್ಪು?
ಒಬ್ಬರ ಅನುಕೂಲ ಲೋಕದ ಎಲ್ಲ ಬೀರುಗಳಲ್ಲೂ
ಒಂದೊಂದು ಸಾಲು ಜಾಗ ತಿನ್ನುತ್ತದೆ, ಬಾಡಿಗೆ ಕೊಡದೆ.

ಬೇರೆ ಮಾಡು, ಅಂದರು ಬಲ್ಲವರು:
ಯಾರು ಎಂಬುದು ಒಂದು, ಎಲ್ಲಿ ಎಂಬುದು ಇನ್ನೊಂದು.
ಲಕೋಟೆಯನ್ನು ಲಕೋಟೆಯೊಳಗಿಡು;
ಹೊರಗಿನದಕ್ಕೆ ಜಾಗ, ಒಳಗಿನದಕ್ಕೆ ಹೆಸರು.
ಚೆಂದ. ಆದರೆ ಯಾರು ಎಲ್ಲಿ ಎಂದು
ಹೇಳುವವರು ಯಾರು, ಅವರು ಎಲ್ಲಿ?

ಎವೆನೋರ್ ಕೊನೆಕೊನೆಗೆ ದೊನ್ಯಾ ತೊಮಾಸಾಳ
ಅಂಗಡಿಯಲ್ಲಿ ಕೇಳತೊಡಗಿದ.
ತಲೆ ಹಗುರ. ಆದರೆ ಆಕೆ ತೋರ್ತಿಯಾ ತಟ್ಟಿ ಮುಗಿಸುವವರೆಗೆ
ಮೊದಲ ಕಾಗದ ಬಿಸಿಲಲ್ಲಿ ನಿಲ್ಲಬೇಕು.
ಆಕೆಗೆ ಜ್ವರ ಬಂದ ದಿನ ಯಾರಿಗೂ ಕಾಗದವಿಲ್ಲ.
ಆಕೆಗೆ ಯಾರ ಮೇಲಾದರೂ ಮುನಿಸು ಬಂದರೆ?
ನಮ್ಮ ಕೈಪಿಡಿಯಲ್ಲಿ ಅದಕ್ಕೆ
ಭದ್ರತೆ ಎಂಬ ಅಧ್ಯಾಯವಿದೆ, ಅರ್ಧ ಪುಟ.

ಆಮೇಲೆ ಕೇಳಿದ್ದನ್ನು ಬರೆದಿಟ್ಟುಕೊಂಡ, ಅಂಗೈಯಗಲದ ಪುಸ್ತಕದಲ್ಲಿ.
ಒಂದು ತಿಂಗಳು ಸುಖ.
ಸೊಕೋರೊ ಲಾಕಾಯೊಳ ಔಷಧದ ಪೊಟ್ಟಣ
ಆಕೆ ಬಿಟ್ಟುಹೋದ ಮನೆಯ ಕಿಟಕಿಯಲ್ಲಿ
ಒಂಬತ್ತು ದಿನ ಕೂತಿತ್ತು.
ಪುಸ್ತಕ ಸುಳ್ಳು ಹೇಳಲಿಲ್ಲ.
ಹಳೆಯ ನಿಜ ಹೇಳಿತು, ಅಷ್ಟೇ.

ಪರದೆ ಕೇಳುತ್ತಿದೆ: ಗೊತ್ತಿರುವುದನ್ನು
ಎಷ್ಟು ಹೊತ್ತು ನಂಬಲಿ?
ಖಾಲಿ ಚೌಕ, ಮಿಟುಕುವ ಗೀಟು.
ಆರು ಗಂಟೆಗೆ ಮಕ್ಕಳ ಆಸ್ಪತ್ರೆ
ಈ ತಂತಿಯಿಂದ ಆ ತಂತಿಗೆ ಹಾರುತ್ತದೆ.
ಒಂದು ದಿನ ಎಂದು ಒತ್ತಿದರೆ ಯಂತ್ರಕ್ಕೆ ನಿದ್ದೆ, ದಾದಿಗಿಲ್ಲ.
ಒಂದು ಕ್ಷಣ ಎಂದರೆ
ಲೋಕವೆಲ್ಲ ತೊಮಾಸಾಳ ಅಂಗಡಿ ಮುಂದೆ ಸಾಲು.

ಕಳೆದ ವಾರ, ಟ್ಯಾಕ್ಸಿಯಲ್ಲಿ, ಪಕ್ಕದ ಹುಡುಗ ಹೇಳಿದ:
"ಎವೆನೋರ್ ನಿಲ್ಲುತ್ತಿದ್ದ ಮೂಲೆಯಿಂದ ಒಂದು ಓಣಿ ಕೆಳಕ್ಕೆ."
ಚಿಕ್ಕಪ್ಪ ಹೋದಾಗ ಅವನಿನ್ನೂ ಹುಟ್ಟಿರಲಿಲ್ಲ.
ಇಳಿದದ್ದು ಮಾತ್ರ ಸರಿಯಾದ ಬಾಗಿಲಿಗೇ.

ಐದು ನಿಮಿಷ ಎಂದು ಒತ್ತಿದೆ, ಆಸ್ಪತ್ರೆಗಷ್ಟೇ.
ಉಳಿದವರು ಇದ್ದಂತೆ ಇರಲಿ.
ಐದೇ ಯಾಕೆ ಎಂದು ನಾಳೆ ಮೇಲಿನವರು ಕೇಳುತ್ತಾರೆ.
ಲೆಕ್ಕ ತೋರಿಸುವೆ, ಗೆರೆಚಿತ್ರ ಬರೆಯುವೆ.
ಎರಡು ತೋರ್ತಿಯಾ ಬೇಯುವ ಹೊತ್ತು
ಎಂದು ಮಾತ್ರ ಹೇಳಲಾರೆ.