ಚತುರ್ಥಿ

ಹಾಸನದ ಕಸ್ತೂರಬಾ ರಸ್ತೆಯಲ್ಲಿ ನಮ್ಮದು ಶೀಲ್ಡಿನ ಅಂಗಡಿ.
ಕಬಡ್ಡಿಗೆ ಕಪ್, ನಿವೃತ್ತಿಗೆ ಗಡಿಯಾರ,
ಹಾಲಿನ ಸೊಸೈಟಿ ಅಧ್ಯಕ್ಷರಿಗೆ ಹಿತ್ತಾಳೆ ಹಸು.
ಅಕ್ಷರಕ್ಕೆ ನಾಲ್ಕು ರೂಪಾಯಿ, ಒತ್ತು ಬಂದರೆ ಐದು.
ಕೊರೆಯುವವಳು ನಾನು. ಓದುವುದಿಲ್ಲ, ಎಣಿಸುತ್ತೇನೆ.

ಕಳೆದ ತಿಂಗಳು ಟ್ಯೂಷನ್ನಿನ ವೇದವತಿ ಮೇಡಂ ಬಂದು
ನೋಟ್‌ಬುಕ್ಕಿನ ಹಾಳೆ ಹರಿದು ಕೊಟ್ಟರು.
ಬಲಗೈಯಲ್ಲಿ ಯಾವಾಗಲೂ ಇರುತ್ತಿದ್ದ ಬಳೆ ಇರಲಿಲ್ಲ;
ಅದೇ ಪ್ರಶಸ್ತಿಯ ಮೊತ್ತ ಅಂತ ಆಮೇಲೆ ತಿಳಿಯಿತು.
ಹಾಳೆಯಲ್ಲಿ:

ಹೆಣ್ಣು ಹೆಣ್ಣಿಗೆ ಬರೆದ ಕವಿತೆಗಳಿಗಾಗಿ
ಆಲೂರಿನ ಎಚ್. ಕೆ. ಕಮಲಾಕ್ಷಿಯವರಿಗೆ

ಎಣಿಸುತ್ತ ಹೋದೆ. ಹೆ, ಣ್ಣು. ಹೆ, ಣ್ಣಿ, ಗೆ.
ಅಲ್ಲಿ ಲೆಕ್ಕ ತಪ್ಪಿತು.
ಮತ್ತೆ ಮೊದಲಿಂದ ಎಣಿಸಿದೆ. ಮತ್ತೆ ಅಲ್ಲೇ.
"ಸರಿಯಾಗೇ ಇದೆ ಕಣಮ್ಮ, ಹಾಗೇ ಕೊರಿ" ಅಂದರು ಮೇಡಂ.
ನಾನು ಏನೂ ಕೇಳಿರಲಿಲ್ಲ.

'ಗೆ'ಯ ಎತ್ವ ಎಳೆಯುವಾಗ ಕೈ ಹಗುರಾಗಬೇಕು,
ಇಲ್ಲದಿದ್ದರೆ ತಗಡಿನ ಅಂಚು ಹೊರಳುತ್ತದೆ.
ಏಳನೇ ಕ್ಲಾಸಿನಲ್ಲಿ ವಿಭಕ್ತಿ ಒಪ್ಪಿಸುತ್ತ
ಚತುರ್ಥಿಗೆ ಬಂದು ನಿಂತುಬಿಡುತ್ತಿದ್ದೆ:
ಉ, ಅನ್ನು, ಇಂದ...
ಮೇಷ್ಟ್ರು ನನ್ನ ಅಂಗೈ ನೋಡಿದರು, ಬೆತ್ತ ನೋಡಿದರು,
ಪಕ್ಕದ ಬೆಂಚಲ್ಲಿ ಯಾರು ಕೂತಿದ್ದಾಳೆಂದು ನೋಡಲಿಲ್ಲ.

ಒಂದು ಸಾಲು ಮುಗಿದಿತ್ತು. ಗುರುವಾರ ಸಂಜೆ ಫೋನು.
"ಹಾಲ್‌ನವರು ಒಪ್ಪುತ್ತಿಲ್ಲ. ಮುಖ್ಯ ಅತಿಥಿಗೆ ಮುಜುಗರವಂತೆ.
ಒಂದು ಪದ ತೆಗೆದರೆ ಸಾಕಂತೆ.
ಹೆಣ್ಣು ಬರೆದ ಕವಿತೆಗಳಿಗಾಗಿ.
ವ್ಯಾಕರಣವೇನೂ ಕೆಡುವುದಿಲ್ಲವಲ್ಲ?"
ಕೆಡುವುದಿಲ್ಲ ಮೇಡಂ.
ಮೂರಕ್ಷರ. ಹದಿಮೂರು ರೂಪಾಯಿ ಉಳಿತಾಯ.

ಹಿತ್ತಾಳೆಗೆ ರಬ್ಬರು ಕೆಲಸಕ್ಕೆ ಬರುವುದಿಲ್ಲ.
ಹೊಸ ತಗಡು ತೆಗೆದೆ. ಹೆಣ್ಣು ಅಂತ ಕೊರೆದೆ.
ಮೂರಕ್ಷರದ ಜಾಗ ಬಿಟ್ಟು
ಬರೆದ ಅಂತ ಮುಂದುವರಿಸಿದೆ.
ಪರೀಕ್ಷೆಯಲ್ಲಿ ಬರುತ್ತಿತ್ತಲ್ಲ,
ಬಿಟ್ಟ ಸ್ಥಳ ತುಂಬಿರಿ ಅಂತ, ಹಾಗೆ.

ಮೇಡಂ ಬಂದರು. ಅವರ ಹೆಬ್ಬೆರಳು
ಆ ನುಣುಪಿನ ಮೇಲೆ ಒಮ್ಮೆ ಹೋಗಿ, ವಾಪಸು ಬಂತು.
ಎಷ್ಟಾಯಿತು ಅಂದರು. ಹೇಳಿದೆ.
ಎಣಿಸಿಕೊಟ್ಟು,
ಅದರ ಮೇಲೆ ಬೇರೆಯಾಗಿ ಒಂದು ಹತ್ತರ ನೋಟು,
ಮೂರು ಬಿಡಿ ನಾಣ್ಯ ಇಟ್ಟು ಹೋದರು.

ಸಮಾರಂಭಕ್ಕೆ ನಾನು ಹೋಗಲಿಲ್ಲ.
ಭಾನುವಾರ, ಬಟ್ಟೆ ಒಗೆಯುವ ದಿನ.
ಕಮಲಾಕ್ಷಿಯವರು ಅದನ್ನು ಹೇಗೆ ಓದಿಕೊಂಡರೋ.

ಮೊದಲ ತಗಡು ಪೆನ್ಷನ್ ಮೊಹಲ್ಲಾದ ಕೋಣೆಗೆ ಬಂತು,
ಹದಿನಾರು ವರ್ಷದಿಂದ ಮನೆಯೊಡತಿ ನಮ್ಮನ್ನು
ಅಕ್ಕತಂಗಿಯರು ಎಂದೇ ಪರಿಚಯಿಸುವ ಕೋಣೆಗೆ.
ಎಪಿಎಂಸಿಯಲ್ಲಿ ಆಲೂಗಡ್ಡೆ ತೂಕದ ಚೀಟಿ ಬರೆದು ಬಂದ ಇಂದ್ರಾಣಿ
ಉಗುರಿನ ಮಣ್ಣು ತೊಳೆಯುವ ಮೊದಲೇ ಅದನ್ನೆತ್ತಿ
ಬಲ್ಬಿನ ಕೆಳಗೆ ಹಿಡಿದು, ತುಟಿಯಲ್ಲೇ ಓದಿ,
"ಇದು ಯಾರಿಗೇ?" ಅಂದಳು.

ಹುಣಸೆಹಣ್ಣು ನೆನೆಹಾಕಿದ್ದೆ.
"ಉಜ್ಜು" ಅಂದೆ, "ಹೊಳೆಯಲಿ ಮೊದಲು."