ಅಂಟು

ಲಿಮಾ ಊರಿಗೆ ಮಳೆ ಗೊತ್ತಿಲ್ಲ.
ಬಟ್ಟೆ ಒಗೆದ ನೀರಿನ ಬಣ್ಣದ ಆಕಾಶ, ವರ್ಷಕ್ಕೆ ಎಂಟು ತಿಂಗಳು.
ಅದಕ್ಕೇ ಏನೋ ಅಪ್ಪ
ಕಪ್ಪು ಕಾಗದಕ್ಕೆ ಕಣ್ಣು ಕುಕ್ಕುವ ಗುಲಾಬಿ ಒತ್ತುತ್ತಿದ್ದ,
ಪಕ್ಕದಲ್ಲಿ ಗಿಣಿಹಸಿರು,
ಅದರ ಪಕ್ಕ, ಯಾರೂ ಕೇಳದಿದ್ದರೂ, ಕಿತ್ತಳೆ.

ಅವ್ವ ಅನ್ನುತ್ತಿದ್ದಳು: ಇದು ನನ್ನ ಲಂಗದ ಅಂಚು, ಕದ್ದೆ.
ಕದ್ದದ್ದು ಹೌದು.
ಹುವಾಂಕಾಯೊದಿಂದ ಲಾರಿಯಲ್ಲಿ ಇಳಿದು ಬಂದಾಗ ಅವಳ ಬಳಿ
ಆ ಲಂಗ, ಒಂದು ಹಾಡು, ಎರಡು ಗಿನಿಯಿಲಿ.
ಇಲಿಗಳನ್ನು ತಿಂದೆವು.
ಲಂಗ ಅಪ್ಪನ ಪಾಲಾಯಿತು.
ಹಾಡು ಪಕ್ಕದ ಗುಡಿಸಲಿನ ಎಲ್ಮೆರ್ ಯೌರಿಗೆ ಹೋಯಿತು.

ಹಗಲು ಟೈರಿಗೆ ತೇಪೆ ಹಾಕುವ ಹುಡುಗ.
ಸಂಜೆ ಬೀದಿಕಂಬದ ಕದ್ದ ಕರೆಂಟಿಗೆ ಗಿಟಾರು ಸಿಕ್ಕಿಸಿ
ಬೆಟ್ಟದ ಆ ಅಳುವ ರಾಗದ ಕಾಲಡಿಗೆ
ಕೊಲಂಬಿಯಾದ ಕುಂಬಿಯಾ ತಾಳ ಇಟ್ಟ:
ಚುಕು ಚುಕ್, ಚುಕು ಚುಕ್,
ಹಳೆಯ ಬಸ್ಸು ಏರು ಹತ್ತುವ ಹಾಗೆ.
ಅವ್ವ ಕಿಟಕಿ ಮುಚ್ಚಿದಳು.
ಮುಚ್ಚಿದ ಕಿಟಕಿಯ ಹಿಂದೆ ಅವಳ ಹಿಮ್ಮಡಿ ಏಳುತ್ತಿತ್ತು, ನಾನು ಕಂಡೆ.

ವಾರವಿಡೀ ಬಸ್ಸಿನಲ್ಲಿ ಬಾಯಿ ಬಿಡುತ್ತಿರಲಿಲ್ಲ ನಾವು.
ಬಿಟ್ಟರೆ ಬೆಟ್ಟ ಹೊರಗೆ ಬೀಳುತ್ತಿತ್ತು,
ಕಂಡಕ್ಟರ್ ನಗುತ್ತಿದ್ದ.
ಭಾನುವಾರ, ಹೆದ್ದಾರಿ ಪಕ್ಕದ ಖಾಲಿ ಸೈಟಿನಲ್ಲಿ
ಮನೆಗೆಲಸದ ಹುಡುಗಿಯರು, ಗಾರೆಯವರು, ಐಸ್‌ಕ್ಯಾಂಡಿ ಮಾರುವವರು
ಒಂದೇ ಲೋಟದಲ್ಲಿ ಬಿಯರು ಸುತ್ತಿಸಿ, ಕೊನೆಯ ನೊರೆ ನೆಲಕ್ಕೆ ಚೆಲ್ಲಿ
ತಂತಮ್ಮ ಊರಿನ ಹೆಸರು ಕೂಗುತ್ತಿದ್ದರು.
ಆ ಕುಣಿತಕ್ಕೂ ಹೆಸರು ಬಿತ್ತು: ಚಿಚಾ. ಜೋಳದ ಹೆಂಡ.
ಬಯ್ಯಲು ಇಟ್ಟದ್ದು.
ಅಪ್ಪ ಅದನ್ನೇ ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ ಬರೆದ.

ರೊಟ್ಟಿಯ ಹಿಟ್ಟು ಕಾಯಿಸಿ, ಬಕೆಟ್ಟು ಹೊತ್ತು, ನಡುರಾತ್ರಿ
ನಾವಿಬ್ಬರೂ ಗೋಡೆಯಿಂದ ಗೋಡೆಗೆ.
ಮೊದಲ ವರ್ಷ ಒಂದೇ ಗೋಡೆ. ಮೂರನೆಯದಕ್ಕೆ ಗೋಡೆಗಳೇ ಸಾಲವು;
ನಿನ್ನೆಯ ಮೇಳದ ಮೇಲೆ ಇಂದಿನದು, ಅದರ ಮೇಲೆ ನಾಳೆಯದು,
ಬೆರಳು ದಪ್ಪದ ಕಾಗದ.
ಪತ್ರಿಕೆ ಬರೆಯಿತು: ನಗರಕ್ಕೆ ಕಜ್ಜಿ ಹತ್ತಿದೆ.
ಅಪ್ಪ ಆ ಪುಟದಲ್ಲೇ ಕೈ ಒರೆಸಿಕೊಂಡ.
ರೊಟ್ಟಿಯಿಲ್ಲದ ಬೆಳಗು ಅವ್ವ ಬೈದದ್ದು ಮಾತ್ರ ಅವನಿಗೆ ನಾಟಿತು.

ಈಗ ಸಮುದ್ರದ ಕಡೆಯ ಬಡಾವಣೆಯಲ್ಲಿ, ಗಾಜಿನ ಹಿಂದೆ,
ಗೋಡೆಯಿಂದ ಕಿತ್ತ ಅವನ ಒಂದು ಕಾಗದ. ಮೇಲೊಂದು ಪುಟ್ಟ ದೀಪ.
ಕರೆದುಕೊಂಡು ಹೋಗಿದ್ದೆ.
ಎಲ್ಮೆರನ ರಾಗಕ್ಕೆ ಲಿನನ್ ಅಂಗಿಯವರು
ಸೊಂಟ ಆಡಿಸುತ್ತಿದ್ದರು, ತಾಳಕ್ಕಿಂತ ತುಸು ತಡವಾಗಿ.

ಅಪ್ಪ ಗಾಜಿಗೆ ಮೂಗು ತಾಗಿಸಿ ತಾರೀಖು ಓದಿದ.
‘ಆವತ್ತು ಕುಣಿತ ನಡೆಯಲೇ ಇಲ್ಲ.
ಕರೆಂಟು ಹೋಗಿತ್ತು. ಎಲ್ಮೆರ್ ದುಡ್ಡೂ ಕೊಡಲಿಲ್ಲ.’
ಆಮೇಲೆ ಕಾಗದದ ಮೂಲೆಯಲ್ಲಿ ಕಚ್ಚಿಕೊಂಡಿದ್ದ
ಗಾರೆಯ ಚೂರು ತೋರಿಸಿ,
‘ನೋಡು, ನಿಮ್ಮವ್ವನ ಹಿಟ್ಟು. ಇನ್ನೂ ಬಿಟ್ಟಿಲ್ಲ.’