ಮರದ ಗೊಂಬೆ, ಒಂದು

ಈ ವ್ಯವಹಾರದಲ್ಲಿ ಸುಳ್ಳು ಒಂದೇ ಒಂದು.
ಅದನ್ನು ಹೇಳಿದವನು ನಾನಲ್ಲ, ಅವಳೂ ಅಲ್ಲ.

ನಾನು ಮೋನಪ್ಪ. ಕೊಪ್ಪಳದ ಜವಾಹರ ರಸ್ತೆಯಲ್ಲಿ
ಮೂರು ಮೊಳದ ಅಂಗಡಿ, ತಕ್ಕಡಿ,
ಅಜ್ಜನ ಕಾಲದ ಒರೆಗಲ್ಲು.
ಕಲ್ಲು ಬರೆಯುತ್ತದೆ, ನಾನು ಓದಿ ಹೇಳುತ್ತೇನೆ.
ಕೇಳಿದಷ್ಟೇ.

ಹುಲಿಗೆವ್ವ ಕಿನ್ನಾಳದವಳು, ಚಿತ್ರಗಾರರ ಮಗಳು.
ತವರ ಅರೆದು, ಅಂಟು ಬೆರೆಸಿ, ಉಜ್ಜಿ ಉಜ್ಜಿ
ಹಗುರ ಮರಕ್ಕೆ ಬಂಗಾರದ ಬಿಸಿಲು ತರಿಸುವ
ಲಜವರದ ಕೈ.
ಅಪ್ಪ ಸತ್ತಾಗ ದಿಂಬಿನಡಿ ಚೀಟಿಯ ಪಾಸ್‌ಬುಕ್ಕು ಸಿಕ್ಕಿತು:
ತಿಂಗಳು ತಿಂಗಳೂ ಎರ್ರಿಸ್ವಾಮಿಯ ದುಂಡನೆಯ ಸಹಿ,
ನಡುವೆಯೇ ನಿಂತಿತ್ತು.
ಆ ಓಣಿಯಲ್ಲಿ ಅಂಥವು ಮೂವತ್ತೊಂದು.

ಎರ್ರಿಸ್ವಾಮಿ ಬಳ್ಳಾರಿಗೆ ಹೋಗಿ ಅದಿರಿನವನಾದ.
ಹನ್ನೆರಡು ಲಾರಿ. ದಿನಕ್ಕೆರಡು ಬಿಳಿ ಅಂಗಿ.
ಎಷ್ಟು ಒಗೆದರೂ ಕಾಲರಿನಲ್ಲಿ ಕೆಂಪು.
ಮೂವತ್ತೊಂದು ಮನೆಯ ಮಕ್ಕಳ ಮುಖ
ಅವನು ಯಾಕೆ ನೆನಪಿಟ್ಟುಕೊಳ್ಳುತ್ತಾನೆ?

ಗೇಣುದ್ದದ ಲಕ್ಷ್ಮಿ. ಹೊಟ್ಟೆಯಲ್ಲಿ ಸೀಸ.
ಎಲ್ಲಿ ಸಿಕ್ಕಿತೆಂದು ಹುಲಿಗೆವ್ವ ಹೇಳಲೇ ಇಲ್ಲ.
ಸುತ್ತಿದ ಗೋಣಿಗೆ ಆನೆಗೊಂದಿಯ ಹೊಳೆದಂಡೆಯ ಮಣ್ಣಿತ್ತು;
ಮಣ್ಣು ತನ್ನ ಮಾತು ತಾನು ಆಡಿಕೊಂಡಿತು.
"ಏನ್ ಬಾಳ್ತದ, ನೀವ ನೋಡ್ರಿ" ಎಂದು
ನೀರು ತರಲು ಒಳಗೆ ಹೋದಳು.
ಒಂದು ತಂಬಿಗೆ ನೀರಿಗೆ ಬಹಳ ಹೊತ್ತು ತೆಗೆದುಕೊಂಡಳು.

ಆ ರಾತ್ರಿ, ಶೆಟರ್ ಅರ್ಧ ಎಳೆದ ಮೇಲೆ, ಅವನು ಬಂದ.
ಕರವಸ್ತ್ರದಲ್ಲಿ ಲಕ್ಷ್ಮಿಯ ಕಾಲಿನ ಕಿರುಬೆರಳು.
(ಇಡೀ ಮೂರ್ತಿಯಲ್ಲಿ ಹೊರಗೆ ಚಾಚಿದ್ದು ಅದೊಂದೇ.)
ಉಜ್ಜಿದೆ. ಹಳದಿ ಗೆರೆ. ದ್ರಾವಕ ಬಿಟ್ಟೆ,
ಗೆರೆ ಕದಲಲಿಲ್ಲ.
"ಬಂಗಾರ" ಅಂದೆ.
ಬಂಗಾರವೇ. ಅವಳವ್ವನ ಬೆಂಡೋಲೆ ಕರಗಿಸಿ
ಆ ಬೆರಳು ಎರೆದವನು ನಾನೇ.
ಅದನ್ನು ಅವನು ಕೇಳಲಿಲ್ಲ.

ಐದು ಸಾವಿರ ಎಣಿಸಿ ಕಲ್ಲಿನ ಮೇಲಿಟ್ಟ.
"ನಾಳೆ ಆಕಿ ಮುಂದ, ಇದು ಬಂಗಾರ ಅಲ್ಲ ಅನ್ನು."
"ಅಂತೀನ್ರಿ."

ಮರುದಿನ ಇಬ್ಬರ ಎದುರಿಗೆ ಭುಜ ಉಜ್ಜಿದೆ.
"ತಂಗೀ, ಬಂಗಾರ ಅಲ್ಲ ಇದು. ತವರ."
ನಲವತ್ತು ವರ್ಷದ ಕಸುಬಿನಲ್ಲಿ
ಖರೆ ಹೇಳಲು ಲಂಚ ತಗೊಂಡದ್ದು ಅದೇ ಮೊದಲು.
ಅವನ ಮೀಸೆಯ ತುದಿ ಒಂದು ಅಕ್ಕಿಕಾಳಿನಷ್ಟು ಮೇಲೆದ್ದಿತು.

ಅವಳು ಗೋಣಿ ಸುತ್ತತೊಡಗಿದಳು.
"ತವರಾದ್ರೇನ್ರಿ, ತವರಿಂದು. ಜಗಲಿ ಮ್ಯಾಲ ಇಟ್ಕೋತೀನಿ."
ಇಪ್ಪತ್ತು ಸಾವಿರ, ಅಂದ.
ಗೋಣಿ ಸುತ್ತುತ್ತಲೇ ಇದ್ದಳು.
ಐವತ್ತು. ಎರಡು ಲಕ್ಷ.
"ತವರಕ್ಕ ಯಾಕ್ರಿ ಅಷ್ಟು ರೊಕ್ಕ?"
"ಭಕ್ತಿ, ತಾಯಿ."
ಮೊದಲೇ ಹೇಳಿದೆನಲ್ಲ, ಆ ಒಂದು ಸುಳ್ಳು. ಇದು.

"ಹಂಗಾರ, ಹನ್ನೊಂದು ಲಕ್ಷದ
ನಲವತ್ತೊಂದು ಸಾವಿರದ ಆರುನೂರು" ಅಂದಳು.
ಫ್ಯಾನು ತಿರುಗುತ್ತಿತ್ತು. ನಾನು ತಕ್ಕಡಿ ಒರೆಸುತ್ತಿದ್ದೆ.
ಆ ಆರುನೂರು ಎಲ್ಲಿಂದ ಬಂತೆಂದು
ಅವನು ಒಮ್ಮೆ ಕೇಳಿದ್ದರೆ ಮುಗಿದಿತ್ತು.
ಮೂವತ್ತೊಂದು ಪುಸ್ತಕಗಳ ಮೊತ್ತ ಅದು,
ಅವನದೇ ಕೈಬರಹ.
ಲೆಕ್ಕ ನೆನಪಿರುವುದು ಕೊಟ್ಟವರಿಗೆ.

ನಿಧಿಯ ಕಾನೂನಿಗೆ ಹೆದರಿ
ರಸೀದಿ ತಾನೇ ಹೇಳಿ ಬರೆಸಿದ:
ಮರದ ಗೊಂಬೆ, ಒಂದು. ಬಂಗಾರದ್ದಲ್ಲ.
ಕೆಳಗೆ ಅದೇ ದುಂಡನೆಯ ಸಹಿ.

ಮೂರನೆಯ ದಿನ ಹುಲಿಗೆವ್ವ ಬಂದಳು. ಕೂತಳು.
"ಮೋನಪ್ಪಣ್ಣ, ಇನ್ನೂ ಐದು ಸಾವಿರ ಕಡಿಮಿ ಬೀಳ್ತದ."
ಅಪ್ಪನ ಪಾಸ್‌ಬುಕ್ಕಿನ ಮೊದಲ ಪುಟ ತೆರೆದಳು.
ಜಾಮೀನುದಾರರು: ಮೋನಪ್ಪ.
ಆ ಸಹಿಗೆ ಆಗ ಐದುನೂರು ತಗೊಂಡಿದ್ದೆ.
ಅವಳಿಗೆ ಅದೂ ಗೊತ್ತಿತ್ತೋ ಏನೋ. ಕೇಳಲಿಲ್ಲ.
ಗಲ್ಲೆ ತೆರೆದೆ. ಅವೇ ನೋಟು,
ಸುತ್ತಿದ ರಬ್ಬರ್ ಕೂಡ ಬಿಚ್ಚಿರಲಿಲ್ಲ.

ಲಕ್ಷ್ಮಿ ಈಗ ಬಳ್ಳಾರಿಯ ಬ್ಯಾಂಕಿನ ಲಾಕರಿನಲ್ಲಿ.
ವರ್ಷವರ್ಷ ಬಾಡಿಗೆ ಕಟ್ಟುತ್ತಾನಂತೆ.
ಮತ್ತೊಮ್ಮೆ ಒರೆಗೆ ಹಚ್ಚಿಸಬೇಕೆಂದರೆ
ಅವನಿಗೆ ನಂಬಿಕೆಯಿರುವುದು ನನ್ನೊಬ್ಬನ ಮೇಲೆ.

ಅವಳು ಮೆಟ್ಟಿಲಿಳಿಯುವಾಗ ಕೇಳಿದ್ದೆ:
"ಅವ್ವನ ಬೆಂಡೋಲಿ ಲೆಕ್ಕಕ್ಕ ಹಿಡೀಲಿಲ್ಲಲ್ಲ?"
"ಅದು ನನ್ನ ಖರ್ಚು" ಅಂದಳು.

ಕಲ್ಲಿನ ಮೇಲೆ ಆ ಹಳದಿ ಗೆರೆ ಇನ್ನೂ ಇದೆ.
ಬೇರೆ ಗಿರಾಕಿ ಬಂದರೆ
ಕಲ್ಲನ್ನು ಮಗ್ಗುಲಾಗಿ ತಿರುಗಿಸಿಕೊಳ್ಳುತ್ತೇನೆ.